ಕೈಲಾಸದ ತಮಾಷೆ ಸಾಕು, ರಾಮನಗರದ ವಾರಂಟ್ ಎಲ್ಲಿಗೆ ಬಂತು?

ರಾಜ್ಯದ ಗೃಹ ಸಚಿವರಿಗೆ, ಪೊಲೀಸ್ ಮಹಾನಿರ್ದೇಶಕರಿಗೆ ಹಾಗೂ ಕನ್ನಡದ ಸುದ್ದಿಮನೆಗಳ ಸಂಪಾದಕರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ಬಿಡದಿಯಲ್ಲಿ ಆಶ್ರಮ ಕಟ್ಟಿಕೊಂಡಿದ್ದ ನಿತ್ಯಾನಂದನ ಮೇಲೆ 2010ರಲ್ಲಿ ಅತ್ಯಾಚಾರದ ಪ್ರಕರಣ ದಾಖಲಾಯಿತು. 2022ರಲ್ಲಿ ರಾಮನಗರದ ಸೆಷನ್ಸ್ ನ್ಯಾಯಾಲಯ ಆತನ ವಿರುದ್ಧ ಜಾಮೀನುರಹಿತ ವಾರಂಟ್ ಹೊರಡಿಸಿತು. ಆ ವಾರಂಟನ್ನು ಜಾರಿ ಮಾಡಲು ಸರ್ಕಾರ ಇದುವರೆಗೆ ಏನೇನು ಮಾಡಿದೆ ಎಂದು ಕೇಳುವುದಕ್ಕೆ ಈ ಪತ್ರ.

ಇಷ್ಟನ್ನು ಕೇಳಲು ಬಹಿರಂಗ ಪತ್ರವೇ ಬೇಕೆ ಎಂದು ನಿಮಗೆ ಅನ್ನಿಸಬಹುದು. ಬೇಕಾಗಿದೆ. ಯಾಕೆಂದರೆ ಆ ಹೆಸರು ಬಂದಾಗಲೆಲ್ಲ ನಮ್ಮಲ್ಲಿ ಏಳುವ ಪ್ರಶ್ನೆಗಳೇ ಬೇರೆ. ಆತ ಸ್ಥಾಪಿಸಿದನೆನ್ನುವ ಕೈಲಾಸ ದೇಶದ ದ್ವೀಪ ಎಲ್ಲಿದೆಯಂತೆ? ವೀಸಾ ಕೊಡುತ್ತಾರಂತೆ, ಹೌದಾ? ಅಲ್ಲಿ ಊಟ ಪುಕ್ಕಟೆಯಂತೆ? ಇಲ್ಲದ ದೇಶವೊಂದರ ಸುದ್ದಿಯನ್ನು ಇಷ್ಟು ವರ್ಷ ಬಾಯಿ ಚಪ್ಪರಿಸಿ ಕೇಳಿದ ನಾವು, ನಮ್ಮದೇ ಜಿಲ್ಲಾ ಕೇಂದ್ರದ ಕೋರ್ಟಿನಲ್ಲಿ ನಿಂತು ಹೋಗಿರುವ ಮೊಕದ್ದಮೆಯ ಬಗ್ಗೆ ಒಂದು ಮಾತು ಕೇಳಿಲ್ಲ. ಕೇಳದೇ ಇದ್ದುದರಿಂದ ಹೇಳಬೇಕಾದವರೂ ಸುಮ್ಮನಿದ್ದಾರೆ.

ನಡೆದದ್ದನ್ನು ಒಮ್ಮೆ ಸಾಲಾಗಿ ನೆನಪಿಸುತ್ತೇನೆ, ಮರೆತವರೇ ಹೆಚ್ಚು. 2010ರ ಮಾರ್ಚ್ ತಿಂಗಳಲ್ಲಿ ಆತನದೆನ್ನಲಾದ ವಿಡಿಯೊ ಒಂದು ಟಿ.ವಿ.ಯಲ್ಲಿ ಪ್ರಸಾರವಾಯಿತು. ಆತನ ಬಳಿ ಕಾರು ಓಡಿಸುತ್ತಿದ್ದವರು ದೂರು ಕೊಟ್ಟರು. ಏಪ್ರಿಲ್‌ನಲ್ಲಿ ನಮ್ಮ ಸಿಐಡಿ ಪೊಲೀಸರು ಹಿಮಾಚಲ ಪ್ರದೇಶದ ಸೋಲನ್‌ವರೆಗೆ ಹೋಗಿ ಹಿಡಿದು ತಂದರು. ಜೂನ್‌ನಲ್ಲಿ ಜಾಮೀನು ಸಿಕ್ಕಿತು. ವರ್ಷದ ಕೊನೆಗೆ ದೋಷಾರೋಪ ಪಟ್ಟಿ ಸಲ್ಲಿಕೆಯಾಯಿತು. 2012ರ ಜೂನ್‌ನಲ್ಲಿ ಬಿಡದಿ ಆಶ್ರಮದಲ್ಲಿ ಪತ್ರಿಕಾಗೋಷ್ಠಿಯ ಗಲಾಟೆಯಾಗಿ, ಆತ ರಾಮನಗರದ ಕೋರ್ಟಿಗೆ ಬಂದು ಶರಣಾದ. ವೈದ್ಯಕೀಯ ಪರೀಕ್ಷೆ ಬೇಡವೆಂಬ ವಾದ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಮಾಡಿಸಿಕೊಳ್ಳಲೇಬೇಕು ಎಂದು ಆ ಕೋರ್ಟು ಹೇಳುವಾಗ 2014 ಬಂದಿತ್ತು. ಪ್ರಕರಣದಿಂದಲೇ ಕೈಬಿಡಿ ಎಂಬ ಮನವಿ ಒಂದೊಂದೇ ಮೆಟ್ಟಿಲು ಹತ್ತಿ, ಎಲ್ಲ ಕಡೆ ಬಿದ್ದು ಹೋಗಿ, ವಿಚಾರಣೆಗೆ ದಾರಿ ತೆರೆದದ್ದು 2018ರಲ್ಲಿ. ದೂರು ಕೊಟ್ಟ ದಿನದಿಂದ ವಿಚಾರಣೆಯ ಬಾಗಿಲಿಗೆ ಬರುವುದಕ್ಕೇ ಎಂಟು ವರ್ಷ ಹಿಡಿಯಿತು. ಬಾಗಿಲು ತೆರೆಯಿತು ಎನ್ನುವಷ್ಟರಲ್ಲಿ ಆರೋಪಿ ದೇಶದಲ್ಲೇ ಇರಲಿಲ್ಲ.

ಆತನ ಪಾಸ್‌ಪೋರ್ಟಿನ ಅವಧಿ 2018ರ ಸೆಪ್ಟೆಂಬರ್‌ನಲ್ಲಿ ಮುಗಿದಿತ್ತು. ಕೇಸು ಬಾಕಿ ಇದ್ದುದರಿಂದ ಪೊಲೀಸರು ನವೀಕರಣಕ್ಕೆ ಒಪ್ಪಿರಲಿಲ್ಲ. ಪಾಸ್‌ಪೋರ್ಟ್ ರದ್ದಾಗಿದೆ, ಹೊಸ ಅರ್ಜಿಯೂ ತಿರಸ್ಕೃತವಾಗಿದೆ ಎಂದು 2019ರ ಡಿಸೆಂಬರ್‌ನಲ್ಲಿ ವಿದೇಶಾಂಗ ಸಚಿವಾಲಯ ಹೇಳಿತು. ಹಾಗಿದ್ದರೆ ಗಡಿ ದಾಟಿದ್ದು ಯಾವ ದಾರಿಯಲ್ಲಿ, ಯಾರ ಕಣ್ಣ ಮುಂದೆ? ಸಾಲ ತೀರಿಸಲಾಗದೆ ಊರು ಬಿಟ್ಟ ಬಡವನನ್ನು ಬಳ್ಳಾರಿಯಲ್ಲೋ ಪುಣೆಯಲ್ಲೋ ಹುಡುಕಿ ತರುವ ಇಲಾಖೆ ಇದು. ಈ ಪ್ರಶ್ನೆಗೆ ಒಂದು ಲಿಖಿತ ಉತ್ತರವಾದರೂ ಸಾರ್ವಜನಿಕರ ಮುಂದೆ ಬರಬೇಕಿತ್ತು.

2020ರ ಫೆಬ್ರುವರಿಯಲ್ಲಿ ಹೈಕೋರ್ಟಿನಲ್ಲಿ ನಡೆದದ್ದನ್ನು ಮಾತ್ರ ನಾನು ಸುಲಭಕ್ಕೆ ಮರೆಯಲಾರೆ. ಜಾಮೀನು ರದ್ದು ಮಾಡಿ ಎಂಬ ಅರ್ಜಿಯ ಮೇಲೆ ಆತನಿಗೆ ನೋಟಿಸು ಕೊಡುವಂತೆ ಕೋರ್ಟು ಸೂಚಿಸಿತ್ತು. ನೋಟಿಸು ಜಾರಿಯಾಗಲಿಲ್ಲ, ಅವರು ‘ಆಧ್ಯಾತ್ಮಿಕ ಪ್ರವಾಸ’ದಲ್ಲಿದ್ದಾರೆ, ಆದ್ದರಿಂದ ಅವರ ಶಿಷ್ಯೆಗೆ ತಲುಪಿಸಿದ್ದೇವೆ ಎಂದು ಸರ್ಕಾರದ ಕಡೆಯಿಂದ ವರದಿ ಹೋಯಿತು. ಆ ಹೊತ್ತಿಗೆ, ಮುಂದೆ ಹೇಳಲಿರುವ ಮಕ್ಕಳ ಪ್ರಕರಣದ ತನಿಖೆ ನಡೆಸುತ್ತಿದ್ದ ಗುಜರಾತ್ ಪೊಲೀಸರು ಆತ ದೇಶ ಬಿಟ್ಟು ಹೋಗಿದ್ದಾನೆ ಎಂದು ಹೇಳಿ ತಿಂಗಳುಗಳಾಗಿದ್ದವು. ಅವರ ಕೋರಿಕೆಯ ಮೇಲೆ ಇಂಟರ್‌ಪೋಲ್ ಬ್ಲೂ ಕಾರ್ನರ್ ನೋಟಿಸನ್ನೂ ಹೊರಡಿಸಿ ಆಗಿತ್ತು. ಜಗತ್ತಿಗೆಲ್ಲ ತಿಳಿದಿದ್ದ ವಿಷಯ ನಮ್ಮ ಪೊಲೀಸರ ಕಾಗದದಲ್ಲಿ ಪ್ರವಾಸವಾಗಿತ್ತು. ನ್ಯಾಯಮೂರ್ತಿಗಳು ಅದನ್ನು ಒಪ್ಪಲಿಲ್ಲ, ಫೆಬ್ರುವರಿ 5ರಂದು ಜಾಮೀನು ರದ್ದು ಮಾಡಿದರು. ಆ ವರದಿಗೆ ಸಹಿ ಹಾಕಿದವರನ್ನು ಇಲಾಖೆ ಯಾವಾಗಲಾದರೂ ಕರೆದು ಕೇಳಿತೆ?

ಗೃಹ ಸಚಿವರೇ, ಬಿಡುವಾದಾಗ ರಾಮನಗರದ ಕೋರ್ಟಿನ ಆವರಣಕ್ಕೆ ಒಂದು ಬೆಳಗ್ಗೆ ಬನ್ನಿ. ಕಲಾಪ ಶುರುವಾಗುವ ಎಷ್ಟೋ ಮೊದಲೇ ಹಳ್ಳಿಗಳ ಜನ ಬಂದು ಗೋಡೆಗೆ ಒರಗಿ ಕೂತಿರುತ್ತಾರೆ. ಮಾರುಕಟ್ಟೆಯಲ್ಲಿ ರೇಷ್ಮೆಗೂಡು ಸುರಿದು ಬಂದ ರೈತ, ಹರಾಜಿನ ಹೊತ್ತಿಗೆ ಅಲ್ಲಿರಲೋ ಇಲ್ಲಿರಲೋ ಎಂದು ಚಡಪಡಿಸುತ್ತಿರುತ್ತಾನೆ. ಜೀವನಾಂಶದ ಕೇಸಿಗೆ ಬಂದ ಹೆಂಗಸು ಕಂಕುಳಲ್ಲಿ ಕೂಸನ್ನಿಟ್ಟುಕೊಂಡು, ಪ್ಲಾಸ್ಟಿಕ್ ಕವರಿನಲ್ಲಿ ಮಡಿಸಿಟ್ಟ ಕಾಗದಗಳನ್ನು ಎದೆಗೆ ಒತ್ತಿಕೊಂಡಿರುತ್ತಾಳೆ. ಹೆಸರು ಕೂಗಿದರೆ ಎದ್ದು ಒಳಗೆ ಹೋಗಿ ಕೈಮುಗಿದು ನಿಂತು, ಮುಂದಿನ ತಾರೀಖು ಕೇಳಿಕೊಂಡು, ಬಸ್ಸಿಗೆ ದುಡ್ಡಿದೆಯೇ ಎಂದು ಸೆರಗಿನ ಗಂಟು ಬಿಚ್ಚಿ ನೋಡುತ್ತಾಳೆ. ಇವರಲ್ಲಿ ಆರೋಪಿಯಾದವನು ಒಂದು ತಾರೀಖು ತಪ್ಪಿಸಲಿ, ವಾರಂಟ್ ಹೊರಡುತ್ತದೆ. ಬೆಳಗಿನ ಜಾವ ಪೇದೆ ಬಂದು ಬಾಗಿಲು ಬಡಿಯುತ್ತಾನೆ. ಪಹಣಿ ಕೊಟ್ಟು ಶ್ಯೂರಿಟಿ ನಿಂತ ಭಾವಮೈದುನನಿಗೂ ನೋಟಿಸು ಹೋಗುತ್ತದೆ. ಚೆಕ್ ಬೌನ್ಸ್ ಕೇಸಿನ ಅಂಗಡಿಯವನಿಗೆ ಯಾರೂ ಆಧ್ಯಾತ್ಮಿಕ ಪ್ರವಾಸದ ರಿಯಾಯಿತಿ ಕೊಡುವುದಿಲ್ಲ. ಅದೇ ಕಟ್ಟಡದಿಂದ ಹೊರಟ ಇನ್ನೊಂದು ವಾರಂಟ್ ಮಾತ್ರ ಹೀಗೆ ಬಿದ್ದಿದ್ದರೆ, ಆ ಗೋಡೆಗೆ ಒರಗಿ ಕೂತವರು ಕಾನೂನಿನ ಬಗ್ಗೆ ಏನು ತಿಳಿದುಕೊಳ್ಳಬೇಕು?

ಇನ್ನು ಆ ದೇಶದ ವಿಷಯ. 2019ರ ಕೊನೆಯಲ್ಲಿ ಕೈಲಾಸ ಎಂಬ ಹಿಂದೂ ರಾಷ್ಟ್ರ ಸ್ಥಾಪನೆಯಾಗಿದೆ, ಈಕ್ವೆಡಾರ್ ದೇಶದ ಹತ್ತಿರ ದ್ವೀಪ ಕೊಂಡಿದ್ದಾರೆ ಎಂಬ ಸುದ್ದಿ ಹಬ್ಬಿತು. ಈಕ್ವೆಡಾರ್‌ನ ರಾಯಭಾರ ಕಚೇರಿ ಆಗಲೇ ಸ್ಪಷ್ಟಪಡಿಸಿತು: ನಾವು ಆಶ್ರಯ ಕೊಟ್ಟಿಲ್ಲ, ಕೇಳಿದಾಗ ನಿರಾಕರಿಸಿದ್ದೇವೆ, ಜಮೀನನ್ನೋ ದ್ವೀಪವನ್ನೋ ಕೊಳ್ಳಲು ಸಹಾಯ ಮಾಡಿಲ್ಲ, ಆತ ಇಲ್ಲಿಂದ ಹೊರಟು ಹೋಗಿದ್ದಾನೆ. ಕಥೆ ಅಲ್ಲಿಗೇ ಮುಗಿಯಬೇಕಿತ್ತು, ಮುಗಿಯಲಿಲ್ಲ. 2020ರ ಗಣೇಶ ಚೌತಿಗೆ ಕೈಲಾಸದ ರಿಸರ್ವ್ ಬ್ಯಾಂಕ್ ಮತ್ತು ನಾಣ್ಯಗಳ ಘೋಷಣೆಯಾಯಿತು. ಆ ವರ್ಷದ ಡಿಸೆಂಬರ್‌ಗೆ ಮೂರು ದಿನದ ವೀಸಾ, ಆಸ್ಟ್ರೇಲಿಯಾದಿಂದ ವಿಮಾನ ಎಂಬ ಪ್ರಕಟಣೆ ಬಂತು. ನಮ್ಮ ವಾಹಿನಿಗಳು ಒಂದೊಂದನ್ನೂ ಗಂಟೆಗಟ್ಟಲೆ ತೋರಿಸಿದವು. ಮೈಸೂರು ರಸ್ತೆಯ ಹೋಟೆಲುಗಳಲ್ಲಿ ತಟ್ಟೆ ಇಡ್ಲಿ ತಿನ್ನುತ್ತ ಜನ ಟಿ.ವಿ. ನೋಡಿ ನಕ್ಕರು. ಒಂದು ಕಾಲಕ್ಕೆ ಆತನ ಪ್ರವಚನಕ್ಕೆ ಹೋಗುವವರ ಕಾರುಗಳು ನಿಂತು ತಿಂಡಿ ತಿನ್ನುತ್ತಿದ್ದ ಹೋಟೆಲುಗಳೇ ಅವು.

ನಗುವವರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಆ ನಗು ಯಾರಿಗೆ ಅನುಕೂಲವಾಯಿತು ಎಂದು ಯೋಚಿಸಿ. 2010ರಿಂದ 2019ರವರೆಗೆ ಆತನ ಹೆಸರಿನ ಜೊತೆ ಜನರ ಮನಸ್ಸಿಗೆ ಬರುತ್ತಿದ್ದ ಪದ ಕೋರ್ಟು, ಸಿಐಡಿ, ಜಾಮೀನು. ಆಮೇಲೆ ಬಂದ ಪದ ದ್ವೀಪ. ಆರೋಪಿ ಎನ್ನುವ ಗುರುತು ಅಳಿಸಿ, ವಿಚಿತ್ರ ಮನುಷ್ಯ ಎನ್ನುವ ಗುರುತು ಬಂತು. ಅಪರಾಧದ ಆರೋಪ ಹೊತ್ತವನಿಗೆ ಇದಕ್ಕಿಂತ ದೊಡ್ಡ ರಕ್ಷಣೆಯನ್ನು ಯಾವ ದೇಶದ ಸರ್ಕಾರವೂ ಕೊಡಲಾರದು. ಯಾರೂ ಗಂಭೀರವಾಗಿ ತೆಗೆದುಕೊಳ್ಳದ ಮನುಷ್ಯನನ್ನು ಯಾರೂ ಹುಡುಕುವುದಿಲ್ಲ.

ಈ ಕಲ್ಪಿತ ದೇಶ ನಿರುಪದ್ರವಿ ಎಂದುಕೊಂಡವರು ಆಮೇಲೆ ನಡೆದದ್ದನ್ನು ನೋಡಬೇಕು. 2023ರ ಜನವರಿಯಲ್ಲಿ ಅಮೆರಿಕದ ನ್ಯೂಜೆರ್ಸಿಯ ನೆವಾರ್ಕ್ ನಗರ ಕೈಲಾಸದ ಪ್ರತಿನಿಧಿಗಳನ್ನು ಪುರಭವನಕ್ಕೆ ಕರೆದು ಸೋದರ ನಗರದ ಒಪ್ಪಂದಕ್ಕೆ ಸಹಿ ಹಾಕಿತು. ಅಂಥ ದೇಶವೇ ಇಲ್ಲವೆಂದು ತಿಳಿದ ಮೇಲೆ ರದ್ದು ಮಾಡಿತು. ಮರುತಿಂಗಳು ಜಿನೀವಾದಲ್ಲಿ ವಿಶ್ವಸಂಸ್ಥೆಯ ಎರಡು ಸಮಿತಿಗಳ ಸಾರ್ವಜನಿಕ ಸಭೆಗಳಲ್ಲಿ ಅವರು ಕಾಣಿಸಿಕೊಂಡರು. ಯಾರು ಬೇಕಾದರೂ ಹೆಸರು ಬರೆಸಿ ಕೂರಬಹುದಾದ ಸಭೆಗಳು ಅವು. ಸೀರೆಯುಟ್ಟು ಪೇಟ ಸುತ್ತಿ ಒಡವೆ ತೊಟ್ಟ ಪ್ರತಿನಿಧಿಯೊಬ್ಬರು ಮೈಕಿನ ಮುಂದೆ ತಮ್ಮ ಗುರುವಿಗೆ ಹುಟ್ಟಿದ ನೆಲದಲ್ಲೇ ಕಿರುಕುಳವಾಗುತ್ತಿದೆ ಎಂದು ಹೇಳಿದರು. ಆ ಮಾತುಗಳನ್ನು ಪರಿಗಣಿಸುವುದಿಲ್ಲ ಎಂದು ವಿಶ್ವಸಂಸ್ಥೆ ಆಮೇಲೆ ತಿಳಿಸಿತು. ಆದರೆ ಅಷ್ಟರಲ್ಲಿ ಚಿತ್ರ ಜಗತ್ತನ್ನೆಲ್ಲ ಸುತ್ತಿ ಬಂದಿತ್ತು. ಅವರು ಹೋಗಿ ಕೂತ ಎರಡು ಸಮಿತಿಗಳಲ್ಲಿ ಒಂದು ಮಹಿಳೆಯರ ಮೇಲಿನ ತಾರತಮ್ಯ ನಿವಾರಣೆಯ ಸಮಿತಿ. ಅತ್ಯಾಚಾರದ ಕೇಸಿನಲ್ಲಿ ಕೋರ್ಟಿಗೆ ಬೆನ್ನು ಹಾಕಿದವನ ಕಡೆಯವರು ಆ ಕುರ್ಚಿಯಲ್ಲಿ ಕೂತ ದಿನ, ಇಲ್ಲಿ ಸಾಕ್ಷಿ ಹೇಳಲು ವರ್ಷಗಟ್ಟಲೆ ಕಾದವರಿಗೆ ಹೇಗಾಗಿರಬೇಡ! ಅಂದು ಕರ್ನಾಟಕ ಸರ್ಕಾರದಿಂದ ಯಾರಾದರೂ ಒಬ್ಬರು ಎದ್ದು, ಇದು ನಮ್ಮ ನ್ಯಾಯಾಲಯಕ್ಕೆ ಬೇಕಾದ ಆರೋಪಿಯ ವಿಷಯ, ಪ್ರಕರಣದ ವಿವರ ಇದು ಎಂದು ಜಿನೀವಾಕ್ಕೆ ಬರೆದಿದ್ದರೆ ನಮ್ಮ ಮಾನ ಉಳಿಯುತ್ತಿತ್ತು.

ಅದೇ ವರ್ಷದ ಅಕ್ಟೋಬರ್‌ನಲ್ಲಿ ಪರಾಗ್ವೆಯ ಕೃಷಿ ಸಚಿವಾಲಯದ ಹಿರಿಯ ಅಧಿಕಾರಿಯೊಬ್ಬರು ಕೈಲಾಸದೊಂದಿಗೆ ದಾಖಲೆಗೆ ಸಹಿ ಹಾಕಿ ಕೆಲಸ ಕಳೆದುಕೊಂಡರು. ಇವೆಲ್ಲ ದೊಡ್ಡವರು ಮೋಸ ಹೋದ ಕಥೆಗಳು, ಅವರಿಗೆ ಅವಮಾನವಾಯಿತು ಅಷ್ಟೇ. ಬೊಲಿವಿಯಾದ್ದು ಹಾಗಲ್ಲ.

2024ರಲ್ಲಿ ಬೊಲಿವಿಯಾದ ಕಾಡುಗಳಿಗೆ ಭಾರಿ ಬೆಂಕಿ ಬಿದ್ದಿತ್ತು. ಅಮೆಜಾನ್ ಪ್ರದೇಶದ ಬೌರೆ ಎಂಬ ಮೂಲನಿವಾಸಿಗಳು ನಷ್ಟದಲ್ಲಿದ್ದಾಗ ಕೈಲಾಸದವರು ಸಹಾಯ ಮಾಡುತ್ತೇವೆಂದು ಹೋದರು. ಮಾತು ಜಮೀನಿಗೆ ತಿರುಗಿತು. 25 ವರ್ಷದ ಗೇಣಿಗೆ, ವರ್ಷಕ್ಕೆ ಸುಮಾರು 2 ಲಕ್ಷ ಡಾಲರ್ ಎಂಬ ಮಾತಾಯಿತು. ಕರಾರು ಪತ್ರ ಬಂದಾಗ ಅದು ಇಂಗ್ಲಿಷಿನಲ್ಲಿತ್ತು, ಅವಧಿ 1000 ವರ್ಷ ಎಂದಿತ್ತು, ನೆಲದ ಜೊತೆಗೆ ಮೇಲಿನ ಆಕಾಶ ಮತ್ತು ಒಳಗಿನ ಸಂಪತ್ತಿನ ಹಕ್ಕೂ ಅದರಲ್ಲಿ ಸೇರಿತ್ತು. ಆ ಸಮುದಾಯದ ಮುಖಂಡರೊಬ್ಬರು ಸುದ್ದಿಸಂಸ್ಥೆಗೆ ಹೇಳಿಕೊಂಡ ಕಥೆ ಇದು. ಇನ್ನೂ ಕೆಲವು ಬುಡಕಟ್ಟುಗಳೊಂದಿಗೂ ಇಂಥದೇ ಕರಾರುಗಳಾಗಿದ್ದವು. ಅಲ್ಲಿನ ಪತ್ರಿಕೆಯೊಂದು ಬೆನ್ನುಹತ್ತಿ ಬರೆದ ಮೇಲೆ ಸರ್ಕಾರ ಎಚ್ಚೆತ್ತು, 2025ರ ಮಾರ್ಚ್‌ನಲ್ಲಿ ಕೈಲಾಸಕ್ಕೆ ಸೇರಿದ 20 ಮಂದಿಯನ್ನು ಹಿಡಿದು ಗಡೀಪಾರು ಮಾಡಿತು, ಕರಾರುಗಳಿಗೆ ಬೆಲೆಯಿಲ್ಲ ಎಂದಿತು.

ಹೆಬ್ಬೆಟ್ಟಿನ ಕರಾರು, ಓದಲು ಬಾರದ ಭಾಷೆಯ ಕಾಗದ, ಕಷ್ಟಕಾಲದಲ್ಲಿ ಬಾಗಿಲಿಗೆ ಬರುವ ಉಪಕಾರಿ. ನಮ್ಮ ಯಾವ ತಾಲ್ಲೂಕಿನ ರೈತನಿಗೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಿಡದಿಯಲ್ಲಿ ಆಶ್ರಮವಾಗಿ ಶುರುವಾದದ್ದು ಸಮುದ್ರಗಳಾಚೆ ಬುಡಕಟ್ಟು ಜನರ ಕಾಡಿಗೆ ಕೈ ಹಾಕುವವರೆಗೆ ಬೆಳೆದಿದೆ. ಕೈಲಾಸ ಎಂಬ ದೇಶ ಇಲ್ಲದೇ ಇರಬಹುದು, ಆದರೆ ಅದರ ಹೆಸರಿನಲ್ಲಿ ನಡೆಯುವ ವ್ಯವಹಾರ ಇದೆ, ಹಣ ಇದೆ, ಕೆಲಸ ಮಾಡುವ ಜನ ಇದ್ದಾರೆ. ರಾಮನಗರದ ಮೊಕದ್ದಮೆ ವೇಳೆಗೆ ಸರಿಯಾಗಿ ನಡೆದು ಒಂದು ತೀರ್ಮಾನ ಕಂಡಿದ್ದರೆ ಬೌರೆ ಜನರಿಗೆ ಆ ಕಾಗದ ತಲುಪುತ್ತಿತ್ತೆ?

ಇಲ್ಲದ ದೇಶದಿಂದ ನಿಜವಾದ ಅನಾಹುತವಾಗುವುದು ಹೊಸದೇನಲ್ಲ. 1822ರಲ್ಲಿ ಸ್ಕಾಟ್ಲೆಂಡಿನ ಗ್ರೆಗರ್ ಮೆಕ್‌ಗ್ರೆಗರ್ ಎಂಬ ಸೇನಾಧಿಕಾರಿ ಮಧ್ಯ ಅಮೆರಿಕದ ಕರಾವಳಿಯಲ್ಲಿ ಪೊಯಾಯಿಸ್ ಎಂಬ ದೇಶವಿದೆ, ಅದರ ದೊರೆ ತಾನೇ ಎಂದು ಲಂಡನ್ನಿನಲ್ಲಿ ಹೇಳಿಕೊಂಡ. ನೋಟು ಅಚ್ಚು ಹಾಕಿಸಿದ, ಜಮೀನಿನ ಪತ್ರ ಮಾರಿದ, ದೇಶದ ಹೆಸರಿನಲ್ಲಿ ಸಾಲವನ್ನೂ ಎತ್ತಿದ. ನಂಬಿ ಹೊರಟ ಸುಮಾರು 250 ಜನ, ಊರಿನ ಹಣವನ್ನೆಲ್ಲ ಪೊಯಾಯಿಸ್ ನೋಟಿಗೆ ಬದಲಾಯಿಸಿಕೊಂಡು, ಎರಡು ಹಡಗುಗಳಲ್ಲಿ ಅಲ್ಲಿಗೆ ಹೋಗಿ ಇಳಿದರು. ರಾಜಧಾನಿ ಇರಬೇಕಾದ ಕಡೆ ಕಾಡು ಮತ್ತು ಕೆಸರು. ಜ್ವರಕ್ಕೆ, ಹಸಿವಿಗೆ ಅರ್ಧಕ್ಕಿಂತ ಹೆಚ್ಚು ಮಂದಿ ಸತ್ತರು. ಮೆಕ್‌ಗ್ರೆಗರ್ ಮೇಲೆ ಫ್ರಾನ್ಸಿನಲ್ಲಿ ವಿಚಾರಣೆ ನಡೆದು ಆತ ಬಿಡುಗಡೆಯಾದ. ಕೊನೆಗೆ ವೆನೆಜುವೆಲಾದಲ್ಲಿ ಪಿಂಚಣಿ ಪಡೆಯುತ್ತ ಬದುಕಿ ಸತ್ತ. ಎರಡು ನೂರು ವರ್ಷ ಕಳೆದರೂ ಆ ಕಥೆಯನ್ನು ಓದುವವರಿಗೆ ನೆನಪಿರುವುದು ದೊರೆಯ ಹೆಸರೇ ಹೊರತು ಸತ್ತವರದ್ದಲ್ಲ. ನಮ್ಮ ಕಥೆಯೂ ಅದೇ ಹಾದಿ ಹಿಡಿದಿದೆ ಎನ್ನುವುದು ನನ್ನ ಸಂಕಟ.

ಸಂಕಟಕ್ಕೆ ಇನ್ನೊಂದು ಮುಖವಿದೆ. ಪೆಸಿಫಿಕ್ ಸಾಗರದಲ್ಲಿ ತುವಾಲು ಎಂಬ ದೇಶವಿದೆ. ಎಲ್ಲ ದ್ವೀಪಗಳೂ ಸೇರಿ 26 ಚದರ ಕಿಲೋಮೀಟರ್ ನೆಲ, ಹತ್ತು ಹನ್ನೊಂದು ಸಾವಿರ ಜನ. 2000ದಲ್ಲಷ್ಟೇ ಅವರಿಗೆ ವಿಶ್ವಸಂಸ್ಥೆಯ ಸದಸ್ಯತ್ವ ಸಿಕ್ಕಿದ್ದು. ಸಮುದ್ರ ಏರುತ್ತಿದೆ, ನೆಲ ಮುಳುಗುತ್ತಿದೆ. 2021ರಲ್ಲಿ ಅವರ ವಿದೇಶಾಂಗ ಸಚಿವ ಸೈಮನ್ ಕೋಫೆ ಮೊಣಕಾಲು ಮುಳುಗುವ ನೀರಿನಲ್ಲಿ ನಿಂತು, ಹವಾಮಾನ ಸಮ್ಮೇಳನಕ್ಕೆ ಭಾಷಣ ಕಳಿಸಿದರು. ನೆಲ ಹೋದರೂ ನಮ್ಮ ದೇಶ ದೇಶವಾಗಿಯೇ ಉಳಿಯುತ್ತದೆ ಎಂದು 2023ರಲ್ಲಿ ಸಂವಿಧಾನಕ್ಕೇ ತಿದ್ದುಪಡಿ ಮಾಡಿಕೊಂಡರು. ವರ್ಷಕ್ಕೆ 280 ಮಂದಿ ಹೋಗಿ ನೆಲೆಸಲು ಆಸ್ಟ್ರೇಲಿಯಾದೊಂದಿಗೆ ಒಪ್ಪಂದವಾಗಿದೆ. 1933ರ ಮಾಂಟೆವಿಡಿಯೊ ಒಡಂಬಡಿಕೆ ದೇಶವೆನಿಸಿಕೊಳ್ಳಲು ನಾಲ್ಕು ಲಕ್ಷಣ ಹೇಳುತ್ತದೆ: ಕಾಯಂ ಜನ, ಗೊತ್ತಾದ ನೆಲ, ಒಂದು ಸರ್ಕಾರ, ಇತರ ದೇಶಗಳೊಂದಿಗೆ ವ್ಯವಹರಿಸುವ ಶಕ್ತಿ. ಇದ್ದ ನೆಲ ಕಾಲಡಿಯಿಂದ ಜಾರುತ್ತಿರುವಾಗ ಆ ನಾಲ್ಕನ್ನೂ ಉಳಿಸಿಕೊಳ್ಳಲು ಇವರು ಹೆಣಗುತ್ತಿದ್ದಾರೆ. ನಮ್ಮ ಎಷ್ಟು ವಾಹಿನಿಗಳು ತುವಾಲುವಿನ ಹೆಸರು ಹೇಳಿವೆ? ಪುಟ್ಟ ದ್ವೀಪ ದೇಶ ಎಂದ ಕೂಡಲೇ ನಮ್ಮ ಮಕ್ಕಳಿಗೆ ಕೈಲಾಸ ನೆನಪಾಗುವಂತೆ ಮಾಡಿಬಿಟ್ಟೆವು. ಇದು ಆ ಜನಕ್ಕೆ ಮಾಡಿದ ಅನ್ಯಾಯ ಕೂಡ.

ಸಂಪಾದಕರೇ, ಈಗ ನಿಮಗೆ. 2025ರ ಏಪ್ರಿಲ್ ಮೊದಲಲ್ಲಿ ಆತ ಸತ್ತನೆಂಬ ವದಂತಿ ಎದ್ದಿತ್ತು. ಕೈಲಾಸದವರು ಅದನ್ನು ಅಲ್ಲಗಳೆದರು. ಆ ಎರಡು ಮೂರು ದಿನ ನಿಮ್ಮ ಪರದೆಗಳ ಮೇಲೆ ಆಸ್ತಿ ಯಾರಿಗೆ, ಉತ್ತರಾಧಿಕಾರಿ ಯಾರು ಎಂಬ ಚರ್ಚೆ ನಡೆಯಿತು. ಆರೋಪಿ ಸತ್ತರೆ ಆತನ ಮೇಲಿನ ಮೊಕದ್ದಮೆಯೂ ಅಲ್ಲಿಗೇ ಮುಗಿಯುತ್ತದೆ, ಆರೋಪ ನಿಜವೋ ಸುಳ್ಳೋ ತೀರ್ಮಾನವಾಗದೇ ಹೋಗುತ್ತದೆ ಎನ್ನುವ ಮಾತು ನನ್ನ ಕಿವಿಗೆ ಬೀಳಲಿಲ್ಲ. ಮುಂದೆ ಈ ವಿಷಯ ಬಂದಾಗ ‘ಕೈಲಾಸದ ಪ್ರಧಾನಿ’, ‘ಕೈಲಾಸದ ರಾಯಭಾರಿ’ ಎಂದು ಅವರು ಕೊಟ್ಟ ಬಿರುದುಗಳನ್ನು ಹಾಗೇ ಅಚ್ಚು ಹಾಕಬೇಡಿ. ಅವರು ಕಳಿಸಿದ ವಿಡಿಯೊವನ್ನು ಸಂಗೀತದ ಸಮೇತ ಬಿತ್ತರಿಸಬೇಡಿ. ರಾಮನಗರದ ನಿಮ್ಮ ವರದಿಗಾರರನ್ನು ಕೋರ್ಟಿಗೆ ಕಳಿಸಿ, ಪ್ರಕರಣ ಯಾವ ಹಂತದಲ್ಲಿದೆ ಎಂದು ಒಂದು ಪ್ಯಾರಾ ಬರೆಸಿ. ಜಿಲ್ಲೆಗಳಲ್ಲಿ ಕಡಿಮೆ ಸಂಬಳಕ್ಕೆ ಒದ್ದಾಡುತ್ತ ದುಡಿಯುವ ಆ ಹುಡುಗ ಹುಡುಗಿಯರಿಗೆ ಕೋರ್ಟಿನ ಕೆಲಸ ಚೆನ್ನಾಗಿ ಗೊತ್ತು. ನೀವು ಕೇಳಬೇಕು ಅಷ್ಟೇ.

ಮಕ್ಕಳ ವಿಷಯವನ್ನೂ ಮರೆಯುವ ಹಾಗಿಲ್ಲ. ಒಂದು ಕುಟುಂಬ 2013ರಲ್ಲಿ ತಮ್ಮ ನಾಲ್ವರು ಹೆಣ್ಣುಮಕ್ಕಳನ್ನು ಬೆಂಗಳೂರಿನಲ್ಲಿ ನಿತ್ಯಾನಂದನ ಸಂಸ್ಥೆ ನಡೆಸುತ್ತಿದ್ದ ಶಾಲೆಗೆ ಸೇರಿಸಿತ್ತು. ಆಗ ಅವರ ವಯಸ್ಸು ಏಳರಿಂದ ಹದಿನೈದು. 2019ರಲ್ಲಿ ಮಕ್ಕಳನ್ನು ತಮಗೆ ಹೇಳದೆ ಅಹಮದಾಬಾದಿಗೆ ಕರೆದೊಯ್ದಿದ್ದಾರೆ ಎಂದು ತಂದೆ ತಾಯಿ ಗುಜರಾತ್ ಹೈಕೋರ್ಟಿನ ಮೊರೆ ಹೋದರು. ಅಲ್ಲಿ ಮಕ್ಕಳನ್ನು ಕೂಡಿ ಹಾಕಿದ ಆರೋಪದ ಮೇಲೆ ಕೇಸಾಗಿ ಇಬ್ಬರು ಶಿಷ್ಯೆಯರ ಬಂಧನವೂ ಆಯಿತು. ವಯಸ್ಸಿಗೆ ಬಂದಿದ್ದ ಇಬ್ಬರು ಹಿರಿಯ ಹೆಣ್ಣುಮಕ್ಕಳು ನಾವು ನಮ್ಮ ಇಷ್ಟದಿಂದಲೇ ಹೋಗಿದ್ದೇವೆ ಎಂದರು. 2024ರಲ್ಲಿ ಜಮೈಕಾದಿಂದ ವಿಡಿಯೊ ಮೂಲಕ ನ್ಯಾಯಮೂರ್ತಿಗಳೊಂದಿಗೆ ಮಾತಾಡಿ ಸುಖವಾಗಿದ್ದೇವೆ ಎಂದರು, ಅರ್ಜಿ ಅಲ್ಲಿಗೆ ಇತ್ಯರ್ಥವಾಯಿತು. ಪ್ರಾಯಕ್ಕೆ ಬಂದವರ ಇಚ್ಛೆಯನ್ನು ನಾನು ಪ್ರಶ್ನಿಸುವುದಿಲ್ಲ. ಆದರೆ ಶಾಲೆಗೆಂದು ಬಿಟ್ಟು ಬಂದ ಮಗುವನ್ನು ಅಪ್ಪ ಅಮ್ಮ ಮತ್ತೆ ನೋಡಲು ಹೈಕೋರ್ಟಿಗೆ ಹೋಗಬೇಕಾಯಿತಲ್ಲ, ಆ ಶಾಲೆ ನಡೆದದ್ದು ನಮ್ಮ ರಾಜ್ಯದಲ್ಲಿ. ಗುರುಕುಲ ಎಂಬ ಬೋರ್ಡು ಹಾಕಿಕೊಂಡು ಮಕ್ಕಳನ್ನು ಇಟ್ಟುಕೊಳ್ಳುವ ಜಾಗಗಳಿಗೆ ನಮ್ಮ ಶಿಕ್ಷಣ ಇಲಾಖೆಯವರು, ಮಕ್ಕಳ ಕಲ್ಯಾಣ ಸಮಿತಿಯವರು ಎಷ್ಟು ಸಲ ಕಾಲಿಡುತ್ತಾರೆ?

ಒಂದು ಮಾತನ್ನು ಇಲ್ಲಿ ಒತ್ತಿ ಹೇಳುತ್ತೇನೆ. ಆರೋಪಗಳನ್ನು ಆತ ಮೊದಲಿನಿಂದಲೂ ನಿರಾಕರಿಸಿದ್ದಾನೆ. ಕೋರ್ಟು ತೀರ್ಪು ಕೊಡುವವರೆಗೆ ಆತ ಆರೋಪಿ ಮಾತ್ರ. ಈ ಪತ್ರದಲ್ಲಿ ನಾನು ಶಿಕ್ಷೆ ಕೇಳುತ್ತಿಲ್ಲ, ವಿಚಾರಣೆ ಕೇಳುತ್ತಿದ್ದೇನೆ. ಆತ ನಿರ್ದೋಷಿ ಎಂದು ನಂಬಿರುವ ಭಕ್ತರಿಗೂ ಆ ವಿಚಾರಣೆ ಬೇಕು. ಅವರಲ್ಲಿ ಅನೇಕರು ಒಳ್ಳೆಯ ಕೆಲಸ ಬಿಟ್ಟು, ದುಡಿದ ದುಡ್ಡು ತಂದುಕೊಟ್ಟು, ಆಶ್ರಮದ ಅಂಗಳ ಗುಡಿಸಿ, ಅಡುಗೆ ಮಾಡಿ ಬಡಿಸಿದವರು. ಅವರ ಭಕ್ತಿಯನ್ನು ನಾನು ಹಗುರವಾಗಿ ಕಾಣಲಾರೆ. ಗುರು ಕೋರ್ಟಿನಿಂದ ತಪ್ಪಿಸಿಕೊಂಡು ತಿರುಗುವುದು ಅವರಿಗೂ ನೋವು ಕೊಡುವ ಸಂಗತಿಯೇ.

ಗೃಹ ಸಚಿವರೇ, ಕಾನೂನಿನಲ್ಲಿ ದಾರಿಯಿಲ್ಲ ಎಂದು ಮಾತ್ರ ಹೇಳಬೇಡಿ. ತಲೆಮರೆಸಿಕೊಂಡವನ ವಿರುದ್ಧ ಉದ್ಘೋಷಣೆ ಹೊರಡಿಸಲು, ಆಸ್ತಿ ಜಪ್ತಿ ಮಾಡಲು ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 82 ಮತ್ತು 83ನೇ ಕಲಮುಗಳಿದ್ದವು. ಆರೋಪಿ ಸಿಗದಿದ್ದರೂ ಸಾಕ್ಷಿಗಳ ಹೇಳಿಕೆ ದಾಖಲಿಸಿಡಲು 299ನೇ ಕಲಮು ಇತ್ತು. ಇಲ್ಲಿ ಇದು ಎಲ್ಲಕ್ಕಿಂತ ಮುಖ್ಯ. 2010ರಲ್ಲಿ ಮೂವತ್ತರ ವಯಸ್ಸಿನಲ್ಲಿದ್ದ ಸಾಕ್ಷಿ ಈಗ ನಲವತ್ತೈದು ದಾಟಿರುತ್ತಾರೆ, ಕೆಲವರು ಊರು ಬದಲಾಯಿಸಿರುತ್ತಾರೆ, ಕೆಲವರಿಗೆ ಇನ್ನು ಸಾಕು ಅನ್ನಿಸಿರುತ್ತದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 356ನೇ ಕಲಮು ಇನ್ನೂ ಮುಂದೆ ಹೋಗಿ, ಘೋಷಿತ ಅಪರಾಧಿಯ ಗೈರುಹಾಜರಿಯಲ್ಲೇ ವಿಚಾರಣೆ ನಡೆಸಿ ತೀರ್ಪು ಕೊಡಬಹುದು ಎನ್ನುತ್ತದೆ. ಹೊಸ ಕಾನೂನು ಬರುವ ಮೊದಲೇ ಬಾಕಿ ಇದ್ದ ಈ ಪ್ರಕರಣಕ್ಕೆ ಅದು ಅನ್ವಯಿಸುತ್ತದೆಯೇ ಎಂದು ನಿಮ್ಮ ಅಡ್ವೊಕೇಟ್ ಜನರಲ್ ಅವರಿಂದ ಲಿಖಿತ ಅಭಿಪ್ರಾಯ ಪಡೆದು ಪ್ರಕಟಿಸಿ. ಬ್ಲೂ ಕಾರ್ನರ್ ನೋಟಿಸು ಇರುವುದು ವ್ಯಕ್ತಿ ಎಲ್ಲಿದ್ದಾನೆಂದು ಮಾಹಿತಿ ಪಡೆಯಲು. ಹಿಡಿದು ಒಪ್ಪಿಸಲು ಬೇಕಾದದ್ದು ರೆಡ್ ಕಾರ್ನರ್ ನೋಟಿಸು. ಅದಕ್ಕೆ ಸಿಬಿಐ ಮೂಲಕ ಕೋರಿಕೆ ಹೋಗಬೇಕು. ಕರ್ನಾಟಕದಿಂದ ಅಂಥ ಕೋರಿಕೆ ಹೋಗಿದೆಯೋ ಇಲ್ಲವೋ, ಹೋಗಿದ್ದರೆ ಯಾವ ದಿನ, ಏನು ಉತ್ತರ ಬಂತು ಎಂದು ತಿಳಿಸಿ. ಬೊಲಿವಿಯಾ ಗಡೀಪಾರು ಮಾಡಿದವರಲ್ಲಿ ಭಾರತೀಯರೂ ಇದ್ದರು. ಅವರನ್ನು ನಮ್ಮ ಪೊಲೀಸರು ಕರೆದು ವಿಚಾರಿಸಿದರೇ ಎಂಬುದನ್ನೂ ಹೇಳಿ.

ಇವೆಲ್ಲವನ್ನೂ ಗುಟ್ಟಾಗಿ ಮಾಡುತ್ತಿದ್ದೇವೆ, ತನಿಖೆಗೆ ತೊಂದರೆಯಾಗುತ್ತದೆ ಎನ್ನುವ ಉತ್ತರ ಬರಬಹುದು. ಆರೋಪಿ ಎಲ್ಲಿದ್ದಾನೆಂಬ ಸುಳಿವನ್ನು ಬಹಿರಂಗಪಡಿಸಿ ಎಂದು ಯಾರೂ ಕೇಳುತ್ತಿಲ್ಲ. ಯಾವ ಅಧಿಕಾರಿ ಈ ವಾರಂಟಿಗೆ ಹೊಣೆ, ಕೊನೆಯ ಬಾರಿ ಕೋರ್ಟಿಗೆ ವರದಿ ಕೊಟ್ಟದ್ದು ಯಾವಾಗ, ಉದ್ಘೋಷಣೆ ಆಗಿದೆಯೇ, ಸಾಕ್ಷಿಗಳಿಗೆ ರಕ್ಷಣೆ ಇದೆಯೇ ಎಂಬಷ್ಟನ್ನು ಹೇಳುವುದರಿಂದ ಯಾವ ತನಿಖೆಯೂ ಕೆಡುವುದಿಲ್ಲ. ವಿಧಾನಸಭೆಯಲ್ಲಿ ಒಬ್ಬ ಶಾಸಕ ಚುಕ್ಕೆ ಗುರುತಿನ ಪ್ರಶ್ನೆ ಹಾಕಿದ್ದರೆ ಇಷ್ಟು ವಿವರ ಎಂದೋ ಸಿಗುತ್ತಿತ್ತು. ಹತ್ತಾರು ವರ್ಷಗಳಲ್ಲಿ ಮೂರೂ ದೊಡ್ಡ ಪಕ್ಷಗಳು ರಾಜ್ಯವಾಳಿವೆ, ಆದ್ದರಿಂದ ಇದು ಯಾವ ಒಂದು ಪಕ್ಷದ ಮೇಲಿನ ದೂರಲ್ಲ. ಮುಂದಿನ ಅಧಿವೇಶನದಲ್ಲಿ ನಮ್ಮ ಜಿಲ್ಲೆಯ ಶಾಸಕರು ಈ ಪ್ರಶ್ನೆ ಎತ್ತಬೇಕೆಂದು ಇಲ್ಲಿಂದಲೇ ಕೇಳಿಕೊಳ್ಳುತ್ತೇನೆ, ಪತ್ರದ ಪ್ರತಿಯನ್ನು ಅವರಿಗೂ ಕಳಿಸಿದ್ದೇನೆ.

ಮದುರೆಯ ಹೈಕೋರ್ಟ್ ಪೀಠದಲ್ಲಿ 2025ರ ಜೂನ್‌ನಲ್ಲಿ ಬೇರೊಂದು ಪ್ರಕರಣದ ವಿಚಾರಣೆ ವೇಳೆ, ಆತ ಎಲ್ಲಿದ್ದಾನೆ ಎಂಬ ಪ್ರಶ್ನೆಗೆ ಆಸ್ಟ್ರೇಲಿಯಾದ ಹತ್ತಿರದ ಕೈಲಾಸದಲ್ಲಿ ಎಂಬ ಉತ್ತರ ಆತನ ಕಡೆಯವರಿಂದ ಬಂತು. ಮೊದಲು ಈಕ್ವೆಡಾರ್ ಹತ್ತಿರ ಇದ್ದದ್ದು ಈಗ ಆಸ್ಟ್ರೇಲಿಯಾ ಹತ್ತಿರ. ನಮ್ಮ ದೇಶದ ನ್ಯಾಯಾಲಯವೊಂದರ ಕಡತದಲ್ಲಿ ಇಂಥ ಉತ್ತರ ದಾಖಲಾದ ಮೇಲೂ ಬೆಂಗಳೂರಿನಿಂದ ಯಾರೂ ಅದನ್ನು ಹಿಡಿದು ಮುಂದಿನ ಪ್ರಶ್ನೆ ಕೇಳಿದ ಸುದ್ದಿ ಬರಲಿಲ್ಲ. ಆ ಕಡತದ ನಕಲು ಪಡೆಯಲು ರಾಮನಗರದ ಸರ್ಕಾರಿ ಅಭಿಯೋಜಕರಿಗೆ ಸೂಚನೆ ಕೊಡಿ. ಅದನ್ನು ಈ ವಾರವೇ ಮಾಡಬಹುದು.

ಲಿಖಿತ ಉತ್ತರವನ್ನು ಎದುರು ನೋಡುತ್ತಿರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಮೈಸೂರು ರಸ್ತೆ ಬದಿಯ ಊರಿನ ಒಬ್ಬ ನಾಗರಿಕ

ಪ್ರತಿ: ಜಿಲ್ಲೆಯ ಶಾಸಕರು, ಸರ್ಕಾರಿ ಅಭಿಯೋಜಕರು, ಜಿಲ್ಲಾ ಮತ್ತು ಸೆಷನ್ಸ್ ನ್ಯಾಯಾಲಯ, ರಾಮನಗರ